ಬಿಸಿಯಾಗುವ ಮೊದಲೇ ದಾರಿ ಮುಗಿದರೆ: ನನ್ನ ಡೀಸೆಲ್ ಪಿಕಪ್ ಅನುಭವ

ನಾನು ಮರಗೆಲಸದವನು. ಹಲಗೆ, ಪ್ಲೈವುಡ್ ತರುವುದು, ಬೀರು, ಮಂಚ, ಬಾಗಿಲು ಮಾಡಿ ಮನೆಗೆ ತಲುಪಿಸುವುದು ನನ್ನ ಕೆಲಸ. ಉಳಿ, ಗರಗಸ ಎಷ್ಟು ಮುಖ್ಯವೋ ಪಿಕಪ್ ಕೂಡ ನನಗೆ ಅಷ್ಟೇ ಮುಖ್ಯ. ಹನ್ನೊಂದು ವರ್ಷದಲ್ಲಿ ಮೂರು ಪಿಕಪ್ ಓಡಿಸಿದ್ದೇನೆ. ಮೊದಲನೆಯದು ಪೆಟ್ರೋಲ್, ಎರಡನೆಯದು ಡೀಸೆಲ್. ಮೂರನೆಯದರ ಮಾತು ಆಮೇಲೆ ಬರುತ್ತದೆ.

ಸಣ್ಣ ಪಿಕಪ್‌ಗೆ ಡೀಸೆಲ್ ಬೇಕಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಇಷ್ಟೇ: ಗಾಡಿ ಒಮ್ಮೆ ಸ್ಟಾರ್ಟ್ ಆದರೆ ಎಷ್ಟು ಹೊತ್ತು ಓಡುತ್ತದೆ? ಎಷ್ಟು ಭಾರ ಹೊರುತ್ತದೆ ಅನ್ನುವುದನ್ನು ನಂತರ ಕೇಳುತ್ತೇನೆ. ನಾನು ಡೀಸೆಲ್ ಕೊಳ್ಳುವಾಗ ಭಾರವನ್ನಷ್ಟೇ ನೋಡಿದ್ದೆ. ಅದರಿಂದ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪೆಟ್ರೋಲ್ ಪಿಕಪ್ ಕೆಟ್ಟದ್ದೇನೂ ಆಗಿರಲಿಲ್ಲ. ಖಾಲಿ ಇದ್ದಾಗ ಹಾಯಾಗಿ ಓಡುತ್ತಿತ್ತು. ಒಂದು ಟನ್ ಹಸಿ ಮರದ ಹಲಗೆ ಹೇರಿ ಏರು ಹತ್ತುವಾಗ ಮಾತ್ರ ಪಾಡು. ಎರಡನೇ ಗೇರಿನಲ್ಲಿ 4,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಹತ್ತಿರ ಹಿಡಿದು ಕೂರಬೇಕಿತ್ತು. ಕಾಲು ಸಡಿಲಿಸಿದರೆ ಗಾಡಿ ಸೋಲುತ್ತಿತ್ತು. ಡೀಸೆಲ್ ತಗೊಂಡ ಮೊದಲ ವಾರ ಅದೇ ಏರನ್ನು, ಅಷ್ಟೇ ಭಾರ ಹೊತ್ತು, ಮೂರನೇ ಗೇರಿನಲ್ಲಿ 2,000 ಆರ್‌ಪಿಎಂನಲ್ಲೇ ಹತ್ತಿದೆ. ಪಕ್ಕದಲ್ಲಿ ಕೂತವರ ಜೊತೆ ದನಿ ಏರಿಸದೆ ಮಾತಾಡುತ್ತಾ ಮೇಲೆ ತಲುಪಿದ್ದು ಇನ್ನೂ ನೆನಪಿದೆ.

ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ತಿಳಿಯಲು ಟೊಯೋಟಾ ಹೈಲಕ್ಸ್ ಪಿಕಪ್ ಒಳ್ಳೆಯ ಉದಾಹರಣೆ. ಅದರ 2.7 ಲೀಟರ್ ಪೆಟ್ರೋಲ್ ಎಂಜಿನ್ 245 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಕೊಡುತ್ತದೆ, ಅದೂ 4,000 ಆರ್‌ಪಿಎಂಗೆ ಹೋದ ಮೇಲೆ. ಅದೇ ಗಾಡಿಯ 2.8 ಲೀಟರ್ ಡೀಸೆಲ್ 1,600 ಆರ್‌ಪಿಎಂನಿಂದಲೇ 500 ಕೊಡುತ್ತದೆ. ಎರಡು ಪಟ್ಟು! ಇದರಲ್ಲಿ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಪಾಲು ದೊಡ್ಡದು. ಆ ಪೆಟ್ರೋಲ್ ಎಂಜಿನ್‌ಗೆ ಟರ್ಬೊ ಇಲ್ಲ, ಡೀಸೆಲ್‌ಗೆ ಇದೆ. ಡೀಸೆಲ್ ಎಂಜಿನ್ ಬರೀ ಗಾಳಿಯನ್ನು ಒಳಗೆಳೆದು ಹದಿನೈದು, ಹದಿನಾರು ಪಟ್ಟು ಒತ್ತುತ್ತದೆ. ಆ ಬಿಸಿ ಗಾಳಿಗೆ ಡೀಸೆಲ್ ಚಿಮ್ಮಿಸಿದ ಕೂಡಲೇ ತಾನೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್‌ನ ಹಾಗೆ ಬೇಡದ ಹೊತ್ತಿನಲ್ಲಿ ಹೊತ್ತಿಕೊಂಡು ಎಂಜಿನ್ ಒಳಗೇ ಬಡಿದುಕೊಳ್ಳುವ, ಅಂದರೆ ನಾಕ್ ಹೊಡೆಯುವ ಭಯ ಇಲ್ಲ. ಹಾಗಾಗಿ ಟರ್ಬೊ ಗಾಳಿಯನ್ನು ಧಾರಾಳವಾಗಿ ತುಂಬಬಹುದು.

ಮೊದಲ ನಾಲ್ಕು ವರ್ಷ ನನ್ನ ಡೀಸೆಲ್ ಗಾಡಿ ಚಿನ್ನದ ಹಾಗೆ ನಡೆಯಿತು. ಆಗ ವಾರಕ್ಕೆ ಎರಡು ಸಲ ನೂರೈವತ್ತು ಕಿಲೋಮೀಟರ್ ದೂರದಿಂದ ಮರ ತರುತ್ತಿದ್ದೆ. ಹೋಗುವಾಗ ಖಾಲಿ, ಬರುವಾಗ ತುಂಬಿದ ಲೋಡು. ಆಯಿಲ್, ಫಿಲ್ಟರ್ ಬದಲಿಸಿದ್ದು ಬಿಟ್ಟರೆ ಬೇರೆ ಖರ್ಚೇ ಬರಲಿಲ್ಲ.

ಆಮೇಲೆ ಕೆಲಸದ ರೀತಿ ಬದಲಾಯಿತು. ಮರ ನೇರವಾಗಿ ವರ್ಕ್‌ಶಾಪಿಗೇ ಬಂದು ಇಳಿಯತೊಡಗಿತು. ನನ್ನ ಓಡಾಟ ಮೂರು, ನಾಲ್ಕು, ಆರು ಕಿಲೋಮೀಟರಿಗೆ ಇಳಿಯಿತು. ಅಳತೆ ತಗೊಳ್ಳಲು ಒಂದು ಸಲ, ಕಬ್ಜ ತರಲು ಒಂದು ಸಲ, ಬಾಗಿಲು ಕೂರಿಸಲು ಇನ್ನೊಂದು ಸಲ. ಗಾಡಿಗೆ ಆರಾಮ ಸಿಕ್ಕಿತು ಅಂತ ನಾನು ಅಂದುಕೊಂಡೆ. ಐದನೇ ತಿಂಗಳಿಗೆ ಡಿಪಿಎಫ್ ಲೈಟ್ ಹತ್ತಿತು.

ಡಿಪಿಎಫ್ ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಹೊಸ ಡೀಸೆಲ್ ಗಾಡಿಗಳಲ್ಲಿ ಸೈಲೆನ್ಸರ್‌ಗೆ ಮುಂಚೆ ಇರುತ್ತದೆ. ಮಸಿ ತುಂಬುತ್ತಾ ಬಂದಾಗ ಅದನ್ನು ಸುಡಬೇಕು. ಹೆದ್ದಾರಿಯಲ್ಲಿ ಭಾರ ಹೊತ್ತು ಹೋಗುವಾಗ ಹೊಗೆಯೇ ಸಾಕಷ್ಟು ಬಿಸಿ ಇರುವುದರಿಂದ ಒಂದಿಷ್ಟು ಮಸಿ ತಾನಾಗಿ ಉರಿದುಹೋಗುತ್ತದೆ. ಉಳಿದದ್ದನ್ನು ಸುಡಲು ಎಂಜಿನ್ ಸ್ವಲ್ಪ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಫಿಲ್ಟರನ್ನು 600 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಕಾಯಿಸುತ್ತದೆ. ಇದಕ್ಕೆ ರೀಜನರೇಶನ್ ಅನ್ನುತ್ತಾರೆ, ಗ್ಯಾರೇಜಿನವರ ಬಾಯಲ್ಲಿ ಬರೀ ರೀಜೆನ್. ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ನಿಮಿಷ ಎಡೆಬಿಡದೆ ಓಡಬೇಕು. ನನ್ನ ದಾರಿಯೇ ಎಂಟು ನಿಮಿಷದ್ದು!

ಹಾಗಾಗಿ ಏನಾಗುತ್ತಿತ್ತು ಅಂದರೆ, ರೀಜೆನ್ ಶುರುವಾಗುವ ಹೊತ್ತಿಗೆ ನಾನು ಗಾಡಿ ಆಫ್ ಮಾಡುತ್ತಿದ್ದೆ. ಮತ್ತೆ ಶುರು, ಮತ್ತೆ ಆಫ್. ಪ್ರತಿ ಸಲ ಚಿಮ್ಮಿಸಿದ ಹೆಚ್ಚುವರಿ ಡೀಸೆಲ್‌ನಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಯಿಂದ ಜಾರಿ ಆಯಿಲ್‌ಗೆ ಸೇರುತ್ತಿತ್ತು. ಒಂದು ಬೆಳಿಗ್ಗೆ ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಮೇಲಿನ ಗೆರೆಯನ್ನೂ ದಾಟಿತ್ತು. ಆಯಿಲ್ ಕಡಿಮೆಯಾದರೆ ನಾವು ಗಾಬರಿಯಾಗುತ್ತೇವೆ ಅಲ್ವಾ, ಜಾಸ್ತಿಯಾದರೆ ಅದಕ್ಕಿಂತ ಗಾಬರಿಯಾಗಬೇಕು. ತೆಳುವಾದ ಆಯಿಲ್ ಬೇರಿಂಗನ್ನೂ ಟರ್ಬೊವನ್ನೂ ಕಾಯುವುದಿಲ್ಲ. ಅವತ್ತೇ ಆಯಿಲ್ ಬದಲಿಸಿದೆ.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ಗಾಡಿಯ ಕಂಪ್ಯೂಟರ್‌ನಿಂದ ಮಾಹಿತಿ ಓದಲು ಇರುವ ಓಬಿಡಿ ಪೋರ್ಟ್‌ಗೆ ಸಿಕ್ಕಿಸುವ ಸಣ್ಣ ರೀಡರ್ ಒಂದನ್ನು ಕೊಂಡು ಫೋನಿಗೆ ಜೋಡಿಸಿದೆ. ಪ್ರತಿ ಓಡಾಟಕ್ಕೂ ಐದು ವಿಷಯ ಬರೆದೆ: ಎಷ್ಟು ದೂರ, ಎಷ್ಟು ಭಾರ, ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಎಷ್ಟು ಬಿಸಿಯಾಯಿತು, ಫಿಲ್ಟರಿನಲ್ಲಿ ಎಷ್ಟು ಮಸಿ, ಹಿಂದಿನ ರೀಜೆನ್ ಆಗಿ ಎಷ್ಟು ಕಿಲೋಮೀಟರ್. ಮೂರು ತಿಂಗಳು ಒಂದು ದಿನವೂ ಬಿಡದೆ ಬರೆದೆ. ಊರೊಳಗಿನ ವಾರಗಳಲ್ಲಿ 110, 120 ಕಿಲೋಮೀಟರಿಗೊಮ್ಮೆ ರೀಜೆನ್ ಕೇಳುತ್ತಿತ್ತು. ದೂರದ ಕೆಲಸ ಸಿಕ್ಕ ಒಂದು ವಾರ 500 ಕಿಲೋಮೀಟರ್ ಓಡಿದರೂ ಕೇಳಲಿಲ್ಲ. ಅದೇ ಗಾಡಿ, ಅದೇ ಫಿಲ್ಟರ್.

ನೋಟ್‌ಬುಕ್‌ನಲ್ಲಿ ನನ್ನನ್ನು ತುಂಬ ಯೋಚನೆಗೆ ಹಚ್ಚಿದ್ದು ಕೂಲಂಟ್ ಸಾಲು. ನಾಲ್ಕು ಕಿಲೋಮೀಟರ್ ಓಡಾಟದಲ್ಲಿ ಎಂಜಿನ್ 60 ಡಿಗ್ರಿ ದಾಟುತ್ತಿರಲಿಲ್ಲ. ಡೀಸೆಲ್ ಎಂಜಿನ್ ಬೇಗ ಬಿಸಿಯಾಗುವುದಿಲ್ಲ. ಅದರ ಒಳ್ಳೆಯ ಗುಣವೇ ಅದಕ್ಕೆ ಕಾರಣ. ಇಂಧನದ ಹೆಚ್ಚು ಪಾಲನ್ನು ಕೆಲಸಕ್ಕೆ ತಿರುಗಿಸುತ್ತದೆ, ಕಡಿಮೆ ಪಾಲನ್ನು ಶಾಖವಾಗಿ ಚೆಲ್ಲುತ್ತದೆ. ಪೆಟ್ರೋಲ್ ಎಂಜಿನ್‌ಗೆ ಗಾಳಿ ಬರುವ ದಾರಿಯಲ್ಲಿ ಥ್ರಾಟಲ್ ಅನ್ನುವ ಮುಚ್ಚಳ ಇರುತ್ತದೆ. ಕಾಲನ್ನು ಮೆಲ್ಲಗೆ ಒತ್ತಿದಾಗ ಆ ಮುಚ್ಚಳ ಸ್ವಲ್ಪವೇ ತೆರೆದು, ಎಂಜಿನ್ ಆ ಸಂದಿಯಿಂದ ಉಸಿರೆಳೆಯಲು ಒದ್ದಾಡುತ್ತದೆ. ಡೀಸೆಲ್‌ನಲ್ಲಿ ಶಕ್ತಿಯನ್ನು ಹಿಡಿತದಲ್ಲಿಡುವುದು ಗಾಳಿಯಿಂದಲ್ಲ, ಇಂಧನದಿಂದ. ಹಾಗಾಗಿ ಖಾಲಿ ಗಾಡಿ, ನಿಧಾನದ ಓಟ, ಸಿಗ್ನಲ್‌ನಲ್ಲಿ ನಿಲ್ಲುವುದು, ಇಲ್ಲೆಲ್ಲ ಪೆಟ್ರೋಲ್‌ಗಿಂತ ಡೀಸೆಲ್ ತುಂಬಾ ಮುಂದೆ.

ಅಂದರೆ ಎಲ್ಲಿ ಡೀಸೆಲ್ ಪೆಟ್ರೋಲ್‌ಗಿಂತ ಹೆಚ್ಚು ಉಳಿಸುತ್ತದೋ ಅಲ್ಲೇ ಅದರ ಫಿಲ್ಟರ್ ಉಸಿರುಗಟ್ಟುತ್ತದೆ. ಇದು ಗೊತ್ತಾದಾಗ ನಾನು ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಮೈಲೇಜ್ ನೋಡಿ ಊರೊಳಗಿನ ಓಡಾಟಕ್ಕೆ ಡೀಸೆಲ್ ತಗೊಳ್ಳುವವರು ಎಷ್ಟೋ ಜನ. ಮೈಲೇಜ್ ಸಿಗುವುದೂ ನಿಜ. ಬಿಲ್ಲು ಬರುವುದು ಬೇರೆ ಕಡೆಯಿಂದ.

ಒಂದು ಗ್ಯಾರೇಜಿನಲ್ಲಿ ಸುಲಭದ ದಾರಿ ಹೇಳಿದರು. ಫಿಲ್ಟರ್ ಕಿತ್ತುಹಾಕಿ, ಗಾಡಿಯ ಕಂಪ್ಯೂಟರ್‌ನಲ್ಲಿ ಅದರ ಲೆಕ್ಕ ಅಳಿಸಿಬಿಡೋಣ ಅಂದರು. ನಾನು ಒಪ್ಪಲಿಲ್ಲ. ಎಷ್ಟೋ ದೇಶಗಳಲ್ಲಿ ಅದು ಅಪರಾಧ ಅನ್ನುವುದು ಒಂದು ಕಾರಣ. ದೊಡ್ಡ ಕಾರಣ ಬೇರೆ ಇದೆ. ಗಾಡಿ ಹಿಂದೆ ನಿಂತು ಹಲಗೆ ಇಳಿಸುವವರು ನನ್ನ ಹುಡುಗರು. ಆ ಪೈಪಿನ ಗಾಳಿ ಅವರ ಎದೆಗೇ ಹೋಗುತ್ತದೆ. 2012 ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದೇ ಗುಂಪಿನಲ್ಲಿ ತಂಬಾಕಿನ ಹೊಗೆಯೂ ಇದೆ. ಆ ಫಿಲ್ಟರ್ ನನಗೆಷ್ಟೇ ತೊಂದರೆ ಕೊಡಲಿ, ಅದು ಅಲ್ಲೇ ಇರಬೇಕು.

ಬದಲಿಗೆ ನಾನು ಓಡಾಟವನ್ನೇ ಬದಲಿಸಿದೆ. ದಿನಕ್ಕೆ ಐದು ಸಲ ಹೋಗುತ್ತಿದ್ದವನು ಎಲ್ಲ ಡೆಲಿವರಿಗಳನ್ನೂ ಒಂದೇ ಸುತ್ತಿಗೆ ಸೇರಿಸಿದೆ. ದೂರದ ಮನೆಗೆ ಮೊದಲು ಹೋಗಿ, ಹತ್ತಿರದವನ್ನು ಬರುವಾಗ ಮುಗಿಸುವುದು. ಮೊದಲ ಓಟದಲ್ಲೇ ಎಂಜಿನ್ ಪೂರ್ತಿ ಬಿಸಿಯಾಗುತ್ತದೆ, ಆಮೇಲೆ ನಿಂತು ನಿಂತು ಹೋದರೂ ಪೂರ್ತಿ ತಣ್ಣಗಾಗುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಹೆದ್ದಾರಿ, ಒಂದು ಗೇರ್ ಕಡಿಮೆ ಹಾಕಿ 2,500 ಆರ್‌ಪಿಎಂ ಹತ್ತಿರ. ರೀಜೆನ್ ನಡೆಯುವಾಗ ಗುರುತಿಸುವುದನ್ನೂ ಕಲಿತೆ. ಐಡಲ್ (ನಿಂತಾಗ ಎಂಜಿನ್ ತಿರುಗುವ ವೇಗ) ಸ್ವಲ್ಪ ಏರುತ್ತದೆ, ಮೀಟರಿನಲ್ಲಿ ಆ ಕ್ಷಣದ ಮೈಲೇಜ್ ಕುಸಿಯುತ್ತದೆ, ಕಾದ ಕಬ್ಬಿಣದ ವಾಸನೆ ಬರುತ್ತದೆ, ನಿಲ್ಲಿಸಿದ ಮೇಲೂ ಫ್ಯಾನ್ ಓಡುತ್ತದೆ. ಆಗ ಗಾಡಿ ಆಫ್ ಮಾಡದೆ ಇನ್ನೊಂದು ಸುತ್ತು ಹೋಗಿ ಬರುತ್ತೇನೆ. ಒಣ ಹುಲ್ಲಿನ ಮೇಲಂತೂ ನಿಲ್ಲಿಸುವುದೇ ಇಲ್ಲ, ಕೆಳಗಿನ ಬಿಸಿಗೆ ಬೆಂಕಿ ಹತ್ತಬಹುದು.

ಆಯಿಲ್ ವಿಷಯದಲ್ಲೂ ಹುಷಾರಾದೆ. ಮಸಿ ಸುಟ್ಟುಹೋಗುತ್ತದೆ, ಬೂದಿ ಹೋಗುವುದಿಲ್ಲ. ಬೂದಿ ಬರುವುದು ಮುಖ್ಯವಾಗಿ ಆಯಿಲ್‌ನಲ್ಲಿರುವ ಲೋಹದ ಅಂಶಗಳಿಂದ. ಎಷ್ಟು ರೀಜೆನ್ ಆದರೂ ಅದು ಫಿಲ್ಟರಿನೊಳಗೇ ಕೂರುತ್ತದೆ. ಕೊನೆಗೊಂದು ದಿನ ಬಿಚ್ಚಿ ಶುಚಿ ಮಾಡಬೇಕು, ಇಲ್ಲವೇ ಬದಲಿಸಬೇಕು. ಆದ್ದರಿಂದ ಗಾಡಿಯ ಪುಸ್ತಕದಲ್ಲಿ ಹೇಳಿದ ಕಡಿಮೆ ಬೂದಿಯ ಆಯಿಲ್ ಬಿಟ್ಟು ಬೇರೆ ಹಾಕಿಸಬೇಡಿ. ಇನ್ನು ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಅನ್ನುವ ವಿಷಗಾಳಿ ತಗ್ಗಿಸಲು ಹಾಕುವ ಯೂರಿಯಾ ದ್ರವಕ್ಕೆ ಬೇರೆ ಟ್ಯಾಂಕ್ ಇರುತ್ತದೆ. ಅದರಲ್ಲಿ ಯೂರಿಯಾ ಶೇಕಡಾ 32.5 ಭಾಗ, ಉಳಿದದ್ದು ಶುದ್ಧ ನೀರು. ಮುಚ್ಚಳ ಅದಲುಬದಲು ಮಾಡಿ ಇದನ್ನು ಡೀಸೆಲ್ ಟ್ಯಾಂಕಿಗೆ ಸುರಿದರೆ ಪಂಪು, ಇಂಜೆಕ್ಟರ್ ಎಲ್ಲ ಹೋಗುತ್ತದೆ. ನಮ್ಮ ಹುಡುಗರಿಗೆ ತಿಳಿಯಲಿ ಅಂತ ಎರಡೂ ಮುಚ್ಚಳಕ್ಕೆ ಬೇರೆ ಬೇರೆ ಬಣ್ಣ ಬಳಿದಿದ್ದೇನೆ.

ಮೂರನೇ ಪಿಕಪ್ ಕೊಳ್ಳುವಾಗ ಮಾತ್ರ ಮೊದಲು ಲೆಕ್ಕ ಹಾಕಿದೆ. ದುಡ್ಡಿನ ಬದಲು ಪೆಟ್ರೋಲ್ ಲೀಟರ್‌ನಲ್ಲೇ ಲೆಕ್ಕ ಮಾಡಿದರೆ ಯಾರಿಗಾದರೂ ಹೊಂದುತ್ತದೆ. ನನ್ನ ಬಳಕೆಯಲ್ಲಿ ಪೆಟ್ರೋಲ್ ಗಾಡಿ ಲೀಟರಿಗೆ 9 ಕಿಲೋಮೀಟರ್, ಡೀಸೆಲ್ 12. ನೂರು ಕಿಲೋಮೀಟರಿಗೆ 11.1 ಲೀಟರ್ ಒಂದು ಕಡೆ, 8.3 ಲೀಟರ್ ಇನ್ನೊಂದು ಕಡೆ. ಡೀಸೆಲ್ ಗಾಡಿಗೆ ಕೊಡಬೇಕಾದ ಹೆಚ್ಚಿನ ಬೆಲೆ 2,000 ಲೀಟರ್ ಪೆಟ್ರೋಲ್‌ಗೆ ಸಮ ಅಂದುಕೊಳ್ಳಿ. ಎರಡೂ ಇಂಧನದ ದರ ಒಂದೇ ಆದರೆ ಆ ದುಡ್ಡು ವಾಪಸ್ ಬರಲು ಸುಮಾರು 72,000 ಕಿಲೋಮೀಟರ್ ಓಡಬೇಕು. ಡೀಸೆಲ್ ದರ ಶೇಕಡಾ 15 ಜಾಸ್ತಿ ಇದ್ದರೆ? ಸುಮಾರು 1,30,000 ಕಿಲೋಮೀಟರ್! ದರದಲ್ಲಿ ಅಷ್ಟು ಸಣ್ಣ ಬದಲಾವಣೆಗೆ ದೂರ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಇದರಲ್ಲಿ ಫಿಲ್ಟರ್, ಯೂರಿಯಾ, ದುಬಾರಿ ಆಯಿಲ್ ಯಾವುದೂ ಸೇರಿಲ್ಲ. ನಿಮ್ಮ ಅಂಕಿಗಳನ್ನು ಹಾಕಿ ನೀವೇ ಮಾಡಿ ನೋಡಿ, ಐದು ನಿಮಿಷದ ಕೆಲಸ.

ಇನ್ನೊಂದು ವಿಷಯ. ಒಂದು ಲೀಟರ್ ಡೀಸೆಲ್‌ನಲ್ಲಿ ಪೆಟ್ರೋಲ್‌ಗಿಂತ ಶೇಕಡಾ ಹತ್ತಕ್ಕೂ ಹೆಚ್ಚು ಶಕ್ತಿ ಇರುತ್ತದೆ. ಸುಟ್ಟಾಗ ಕಾರ್ಬನ್ ಡೈಆಕ್ಸೈಡ್ ಕೂಡ ಜಾಸ್ತಿ, ಸುಮಾರು 2.7 ಕಿಲೋ. ಪೆಟ್ರೋಲ್‌ಗೆ 2.3. ಹಾಗಾಗಿ ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನುವ ಅಂತರದಲ್ಲಿ ಒಂದು ಪಾಲು ಎಂಜಿನ್‌ನ ಜಾಣತನ ಅಲ್ಲ, ಆ ಲೀಟರ್ ಹೆಚ್ಚು ಗಟ್ಟಿ ಅಷ್ಟೇ.

ಎಳೆತದ ಮಾತೂ ಈಗ ಮೊದಲಿನ ಹಾಗಿಲ್ಲ. ಪೆಟ್ರೋಲ್ ಎಂಜಿನ್‌ಗೂ ಟರ್ಬೊ ಬಂದಿದೆ. ಅಮೆರಿಕದ ಪಿಕಪ್ ಫೋರ್ಡ್ ಎಫ್-150 ಯಲ್ಲಿ 3.5 ಲೀಟರ್ ಟರ್ಬೊ ಪೆಟ್ರೋಲ್ ಅದರ 3 ಲೀಟರ್ ಡೀಸೆಲ್‌ಗಿಂತ ಜಾಸ್ತಿ ಟಾರ್ಕ್ ಕೊಡುತ್ತಿತ್ತು. 2021 ರಲ್ಲಿ ಆ ಡೀಸೆಲ್ ನಿಂತಿತು. ಅಲ್ಲಿನದೇ ಇನ್ನೊಂದು ಪಿಕಪ್ ರಾಮ್ 1500 ರ ಡೀಸೆಲ್ 2023 ರಲ್ಲಿ ನಿಂತಿತು. ಆದರೆ ತುಂಬಿದ ಲೋಡನ್ನು ದಿನವಿಡೀ ಎಳೆಯುವಾಗ ಟರ್ಬೊ ಪೆಟ್ರೋಲ್‌ನ ಮೈಲೇಜ್ ಜಾರಿಹೋಗುತ್ತದೆ. ಒಳಗಿನ ಬಿಸಿ ತಗ್ಗಿಸಲು ಹೆಚ್ಚು ಪೆಟ್ರೋಲ್ ಸುರಿಯಬೇಕಾಗುತ್ತದೆ. ಅಲ್ಲಿ ಡೀಸೆಲ್‌ಗೆ ಇಂದಿಗೂ ಸಾಟಿ ಇಲ್ಲ ಅಂತಲೇ ನನ್ನ ಅಭಿಪ್ರಾಯ. ತಿಂಗಳ ಬಹುಪಾಲು ದಿನ ನಲವತ್ತು, ಐವತ್ತು ಕಿಲೋಮೀಟರ್ ಎಡೆಬಿಡದೆ, ಅರ್ಧಕ್ಕಿಂತ ಹೆಚ್ಚು ಲೋಡಿನಲ್ಲಿ ಓಡುವವರು ಕಣ್ಣುಮುಚ್ಚಿ ಡೀಸೆಲ್ ತಗೊಳ್ಳಬಹುದು. ಟ್ರೇಲರ್ ಎಳೆಯುವವರಿಗೆ ಇನ್ನೂ ಒಳ್ಳೆಯದು.

ನನ್ನ ಮೂರನೇ ಪಿಕಪ್ ಪೆಟ್ರೋಲ್, ಸಣ್ಣದು. ಅಳತೆ, ಸಾಮಾನು, ಸಣ್ಣ ಡೆಲಿವರಿ ಎಲ್ಲ ಅದರ ಪಾಲಿಗೆ. ಡೀಸೆಲ್ ಗಾಡಿಯನ್ನು ಮಾರಲಿಲ್ಲ. ಈಗ ಮಂಗಳವಾರ, ಶುಕ್ರವಾರ ಮಾತ್ರ ಹೊರಡುತ್ತದೆ, ದೊಡ್ಡ ಬೀರುಗಳು, ದೂರದ ಮನೆಗಳು. ಹೋದ ಶುಕ್ರವಾರದ ನೋಟ್‌ಬುಕ್ ಸಾಲು ಹೀಗಿದೆ: 164 ಕಿಲೋಮೀಟರ್, 800 ಕಿಲೋ ಲೋಡ್, ಕೂಲಂಟ್ 88, ಹಿಂದಿನ ರೀಜೆನ್ ಆಗಿ 430 ಕಿಲೋಮೀಟರ್, ಆಯಿಲ್ ಗೆರೆಯಲ್ಲೇ ಇದೆ.