1:100 ಇಂಡಿಪೆಂಡೆನ್ಸ್ ಎಲ್‌ಸಿಎಸ್ ಜೆಟ್ ಮೇಲೇ ಓಡ್ತು – ನನ್ನ ಅನುಭವ
ಅಮೆರಿಕ ನೌಕಾಪಡೆಯ ಇಂಡಿಪೆಂಡೆನ್ಸ್ ಕ್ಲಾಸ್ ಎಲ್‌ಸಿಎಸ್ (ಲಿಟೋರಲ್ ಕಾಂಬ್ಯಾಟ್ ಶಿಪ್, ದಡದ ಹತ್ರ ಕಾದಾಡೋ ಯುದ್ಧನೌಕೆ) ಹಡಗಿನ ನೂರನೇ ಒಂದು ಅಳತೆಯ ಓಡೋ ಮಾಡೆಲ್ ಮಾಡಿದೆ, ಅದೂ ವಾಟರ್‌ಜೆಟ್ ಮೇಲೆ, ಅಂದ್ರೆ ಪಂಪ್ ನೀರನ್ನ ಒಳಗೆಳೆದು ಹಿಂದಕ್ಕೆ ಚಿಮ್ಮಿಸಿ ಬೋಟ್ ತಳ್ಳೋ ಥರ.
"ಈ ಸೈಜಿಗೆ ವಾಟರ್‌ಜೆಟ್ ಆಗಲ್ಲ ಗುರು, ಸುಮ್ನೆ ಪ್ರೊಪೆಲ್ಲರ್ ಹಾಕು" ಅಂದವರೆಲ್ಲ ಇದನ್ನ ಓದ್ಬೇಕು. ಮಾವನ ತೋಟದ ಕೃಷಿ ಹೊಂಡದಲ್ಲಿ 15 ಮೀಟರ್ ಹಗ್ಗ ಹಿಡಿದು ನೋಡಿದ್ವಿ, ಏಳು ಸೆಕೆಂಡ್ ಆಸುಪಾಸು. ಅಸಲಿ ಹಡಗು 40 ನಾಟ್ (ಗಂಟೆಗೆ ಸುಮಾರು 74 ಕಿ.ಮೀ.), ವೇಗವನ್ನ ಸ್ಕೇಲಿನ ವರ್ಗಮೂಲದಿಂದ, ಅಂದ್ರೆ ಹತ್ತರಿಂದ ಭಾಗಿಸ್ಬೇಕು, ಹಾಗಾಗಿ ನಮ್ಮ ಸ್ಕೇಲಿಗೆ ಸೆಕೆಂಡಿಗೆ 2 ಮೀಟರ್ ಚಿಲ್ಲರೆ, ಅದು ಬಂತು.

ಪ್ರೊಪೆಲ್ಲರ್ ಯಾಕೆ ಬೇಡ ಅಂದೆ ಅಂದ್ರೆ ಈ ಹಡಗಿರೋದೇ ದಡದ ಹತ್ರದ ಕಮ್ಮಿ ನೀರಿಗೆ, 127 ಮೀಟರ್ ಉದ್ದ ಇದ್ರೂ ನೀರೊಳಗೆ ಇಳಿಯೋದು ನಾಲ್ಕೂವರೆ ಮೀಟರ್ ಅಷ್ಟೇ, ಅದರ ಕೆಳಗೆ ಪ್ರೊಪೆಲ್ಲರ್ ನೇತುಹಾಕಿದ್ರೆ ಮಾಡೆಲ್‌ಗೆ ಏನರ್ಥ? ಅಸಲಿಯಲ್ಲಿ ನಾಲ್ಕು ಜೆಟ್, ನಂದ್ರಲ್ಲಿ ಎರಡು ಓಡೋದು, ಎರಡು ಡಮ್ಮಿ.

ತೂಕ ಜೀವ ತಿಂತು. ಉದ್ದ, ಅಗಲ, ಎತ್ತರ ಮೂರೂ ನೂರರಲ್ಲೊಂದು ಆಗೋದ್ರಿಂದ ತೂಕ ಹತ್ತು ಲಕ್ಷದಲ್ಲೊಂದು, 3100 ಟನ್ ಅಂದ್ರೆ ನಮಗೆ 3.1 ಕೆಜಿ, ಬ್ಯಾಟರಿ ಸೇರಿ. ಪಾಲಿಯೆಸ್ಟರ್ ರೆಸಿನ್, ದಪ್ಪ ಗ್ಲಾಸ್ ಫೈಬರ್ ಮ್ಯಾಟ್ ಹಾಕಿದ ಮೊದಲ ಹಲ್ (ಹಡಗಿನ ಹೊರಮೈ) ನಾಲ್ಕೂವರೆ ಕೆಜಿ ದಾಟ್ತು, ಮೇಲಿಂದ ಒಳಗಿನ ಥರ್ಮಾಕೋಲ್ ಅಲ್ಲಲ್ಲಿ ಕರಗಿ ಗುಂಡಿ ಬಿತ್ತು. ಆರೇಳು ಸಾವಿರ ನೀರಿಗೆ. ಆಮೇಲೆ ಬಾಲ್ಸಾ (ಹಗುರ ಮರ), ತೆಳು ಗ್ಲಾಸ್ ಕ್ಲಾತ್, ಎಪಾಕ್ಸಿ ರೆಸಿನ್ ಹಾಕಿ ಹೊಸದು ಮಾಡಿದೆ.

ಜೆಟ್ ವಿಷಯಕ್ಕೆ ಬಂದ್ರೆ, ಅರ್ಧ ಥ್ರಾಟಲ್‌ವರೆಗೂ ಚೆನ್ನಾಗಿ ಓಡೋದು, ಅದರ ಮೇಲೆ ಹೋದ್ರೆ ಮೋಟರ್ ಕಿರುಚಿ ಬೋಟ್ ನಿಂತೇ ಬಿಡೋದು. ಎರಡು ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸೋ ಸರ್ಕ್ಯೂಟ್) ಸುಟ್ಟು ಹೋದ್ವು. ಪಂಪ್ ಚಿಕ್ಕದಾಯ್ತು ಅಂತ ಎಲ್ಲರೂ ಹೇಳ್ತಿದ್ರು, ನಾನು ಒಪ್ಪಲಿಲ್ಲ. ಇನ್‌ಟೇಕ್ (ಜೆಟ್ ನೀರು ಎಳೆಯೋ ತಳದ ಬಾಯಿ) ಮೇಲೆ ಪಾರದರ್ಶಕ ಅಕ್ರಿಲಿಕ್ ಪೈಪ್ ಹಾಕಿ ಡೆಕ್ ತೆಗೆದಿಟ್ಟು ಓಡಿಸಿದಾಗ ಕಣ್ಣಿಗೇ ಕಾಣ್ತು, ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಬರ್ತಿದ್ವು. ಬೋಟ್ ಮೂತಿ ಎಬ್ಬಿಸೋ ಅಲೆಯ ಗಾಳಿ ಹಲ್ ತಳಕ್ಕೇ ಅಂಟ್ಕೊಂಡು ಹಿಂದಕ್ಕೆ ಬರೋದು. ಇನ್‌ಟೇಕ್ ಅಕ್ಕಪಕ್ಕ ತೆಳ್ಳನೆ ಪಟ್ಟಿ ಅಂಟಿಸಿದೆ, ಗುಳ್ಳೆ ಆಚೆ ಹೋಯ್ತು. ಪಟ್ಟಿ ಎಲ್ಲಿಂದ ಶುರು, ಯಾವ ಕೋನ ಅನ್ನೋದು ಮಾತ್ರ ನನ್ನ ಹತ್ರಾನೇ ಇರ್ಲಿ. ಬ್ಯಾಟರಿ ಒಂದೆರಡು ಇಂಚು ಹಿಂದಕ್ಕೆ ಸರಿಸಿದ್ದೂ ಕೆಲಸ ಮಾಡ್ತು.

ಈ ಹಡಗಿಗೆ ಮಧ್ಯದ ದೊಡ್ಡ ಹಲ್ ಜೊತೆ ಎರಡೂ ಪಕ್ಕ ಒಂದೊಂದು ಚಿಕ್ಕ ಹಲ್ ಇದೆ. ಆ ಪಕ್ಕದ ಹಲ್‌ಗಳು ನೀರಿಗೆ ತಾಗದಿದ್ರೆ ಬೋಟ್ ಒಂದು ಕಡೆ ವಾಲುತ್ತೆ, ಸೆಂಟಿಮೀಟರ್ ಮುಳುಗಿದ್ರೆ ತಿರುಗೋದೇ ಇಲ್ಲ. ನಾಲ್ಕೈದು ಮಿಲಿಮೀಟರ್ ಸಾಕು.

ಮಧ್ಯೆ ಇನ್ನೊಂದು ಪ್ರಯೋಗ. ಈ ಕ್ಲಾಸಿನ ಮೊದಲ ಹಡಗಲ್ಲೇ ಅಲ್ಯುಮಿನಿಯಂ ಹಲ್ ಜೆಟ್ ಹತ್ರ ಸ್ಟೀಲ್ ಜೊತೆ ಸೇರಿ ತಿಂದುಹೋಗಿದ್ದು 2011ರಲ್ಲಿ ಸುದ್ದಿಯಾಗಿತ್ತಲ್ಲ. ಉಪ್ಪುನೀರಿನ ಬಕೆಟ್‌ನಲ್ಲಿ ಅಲ್ಯುಮಿನಿಯಂ ಪಟ್ಟಿಗೆ ಸ್ಟೀಲ್ ಬೋಲ್ಟ್ ಬಿಗಿದು ಇಟ್ಟೆ, ಕೆಲವೇ ವಾರಕ್ಕೆ ಬೋಲ್ಟ್ ಸುತ್ತ ಬಿಳಿ ಪುಡಿ, ಬೆರಳಲ್ಲಿ ಕೆರೆದ್ರೆ ಗುಳಿ. ಹಳೇ ಟಾರ್ಚ್ ಸೆಲ್ಲಿನ ಜಿಂಕ್ ತುಂಡು ಕಟ್ಟಿದ್ದ ಪಟ್ಟಿ ಹೊಸದರ ಹಾಗೇ ಇತ್ತು. ಕಾರವಾರ, ಮಲ್ಪೆ ಕಡೆ ಸಮುದ್ರದಲ್ಲಿ ಬಿಡೋರು ಜಿಂಕ್ ಮರೀಬೇಡಿ.

ಒಟ್ಟು ಖರ್ಚು 28 ಸಾವಿರದ ಹತ್ರ, ಸುಟ್ಟಿದ್ದೂ ಸೇರಿ. ನಾಝಲ್‌ನ ಪ್ರಿಂಟ್ ಫೈಲ್ ಕೇಳಿದವರಿಗೆ ಕೊಡ್ತೀನಿ, ಇನ್‌ಟೇಕ್‌ದು ಕೊಡಲ್ಲ.