ಗೋರಖ್‌ಪುರದಿಂದ ಲುಂಬಿನಿಗೆ ಬಸ್ಸಿನಲ್ಲಿ: ದುಡ್ಡಿನ ಲೆಕ್ಕ ಸರಿಹೋದದ್ದು ಹೀಗೆ

ಬುದ್ಧ ಹುಟ್ಟಿದ ಲುಂಬಿನಿ ಇರುವುದು ನೇಪಾಳದಲ್ಲಿ. ಬೆಂಗಳೂರಿನಿಂದ ಗೋರಖ್‌ಪುರಕ್ಕೆ ನೇರ ರೈಲಿದೆ. ಅಲ್ಲಿಂದ ನೇಪಾಳದ ಸೌನೌಲಿ ಗಡಿಗೆ ಸರ್ಕಾರಿ ಬಸ್ಸು, ಸುಮಾರು ಮೂರು ಗಂಟೆ. ನಿಲ್ದಾಣದ ಹೊರಗೆ 'ನೇರ ಲುಂಬಿನಿ ಟಿಕೆಟ್' ಮಾರುವವರನ್ನು ದಾಟಿ ಮುಂದೆ ಹೋಗಿ. ಆ ಟಿಕೆಟ್ಟಿಗೆ ಗಡಿಯಾಚೆ ಬೆಲೆ ಸಿಗುವ ಭರವಸೆಯಿಲ್ಲ.

ಗಡಿಯನ್ನು ನಡೆದೇ ದಾಟಬಹುದು. ಭಾರತೀಯರಿಗೆ ವೀಸಾ ಬೇಡ, ಆದರೆ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಕೈಯಲ್ಲಿರಲಿ. ಆಧಾರ್ ಒಂದನ್ನೇ ನಂಬಬೇಡಿ.

ನಿಜವಾದ ತೊಡಕು ದುಡ್ಡಿನದು. ಭಾರತದ 100 ರೂಪಾಯಿ ಎಂದರೆ ನೇಪಾಳದ 160. ಈ ದರ ಸ್ಥಿರ. ಅಲ್ಲಿ ಭಾರತದ ಹಣವನ್ನು 'ಐಸಿ', ನೇಪಾಳದ್ದನ್ನು 'ಎನ್‌ಸಿ' ಅನ್ನುತ್ತಾರೆ. ಕಂಡಕ್ಟರ್ ಬರೀ "ನೂರು" ಎಂದಾಗ ಅದು ಎನ್‌ಸಿ ಆಗಿದ್ದರೆ ನಮ್ಮ 62.50 ಮಾತ್ರ; ನಮ್ಮ ನೂರರ ನೋಟು ಕೊಟ್ಟು ಸುಮ್ಮನಾದರೆ ನಮ್ಮ 37.50 ರೂಪಾಯಿ ಹೋಯಿತು. ಪರಿಹಾರ ಸರಳ: ಹತ್ತುವ ಮೊದಲೇ "ಐಸಿಯೋ ಎನ್‌ಸಿಯೋ?" ಎಂದು ಕೇಳುವುದು, ಗಡಿಯಲ್ಲೇ ಸ್ವಲ್ಪ ನೇಪಾಳಿ ಚಿಲ್ಲರೆ ಮಾಡಿಸಿಕೊಳ್ಳುವುದು. ನಮ್ಮ ನೋಟು ಒಯ್ದರೆ 100ರದ್ದೇ ಇರಲಿ.

ಗಡಿಯಿಂದ ಭೈರಹವಾ ಪಟ್ಟಣ ಸುಮಾರು 4 ಕಿ.ಮೀ. ಅಲ್ಲಿನ ಬುದ್ಧ ಚೌಕದಲ್ಲಿ ಲುಂಬಿನಿಯ ಮಿನಿ ಬಸ್ಸು ಸಿಗುತ್ತದೆ. ದೂರ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಆದರೂ ಒಂದು ಗಂಟೆ ಬೇಕು, ಏಕೆಂದರೆ ಕೈ ಅಡ್ಡ ಹಾಕಿದಲ್ಲೆಲ್ಲ ನಿಲ್ಲುತ್ತದೆ. ಮಾಯಾದೇವಿ ಮಂದಿರ, ಅಶೋಕ ಸ್ತಂಭ ಒಂದೇ ಆವರಣದಲ್ಲಿವೆ. ಬೌದ್ಧ ವಿಹಾರಗಳ ವಲಯ ಮಾತ್ರ ಉದ್ದಕ್ಕೆ ಹರಡಿದೆ, ಬಾಡಿಗೆ ಸೈಕಲ್ ಲೇಸು. ನೇಪಾಳದ ಸಮಯಕ್ಕೆ ಗಡಿಯಾರವನ್ನು 15 ನಿಮಿಷ ಮುಂದಿಡಿ. ವಾಪಸ್ ಬಸ್ಸಿನ ಹೊತ್ತನ್ನು ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ.