ಥರ್ಮೋಸ್ಟಾಟ್ ಕೆಟ್ಟಿದೆ ಅಂತ ಪೈಪ್ ಮುಟ್ಟಿ ಕಂಡುಕೊಂಡೆ

ಹೆದ್ದಾರಿಯಲ್ಲಿ ವೇಗ ಹಿಡಿದರೆ ಸಾಕು, ಕಾರಿನ ಎಂಜಿನ್ ಟೆಂಪರೇಚರ್ ಮುಳ್ಳು ಕೆಳಗಿಳಿಯುತ್ತಿತ್ತು. ಟ್ರಾಫಿಕ್‌ನಲ್ಲಿ ನಿಂತರೆ ಮತ್ತೆ ಮೇಲೇರುತ್ತಿತ್ತು. ಹೀಟರ್ ಗಾಳಿ ಉಗುರು ಬೆಚ್ಚಗೆ. ಪೆಟ್ರೋಲ್ ಬೇರೆ ಜಾಸ್ತಿ ಕುಡಿಯುತ್ತಿತ್ತು. ಎಂಜಿನ್ ಕಾದರೆ ಗಾಬರಿಯಾಗುತ್ತದೆ, ತಣ್ಣಗಿದ್ದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಅಲ್ವಾ? ನಾನೂ ಕೆಲವು ವಾರ ಸುಮ್ನಿದ್ದೆ.

ಒಂದು ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ ಬಾನೆಟ್ ಎತ್ತಿದೆ. ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವದ ಮಟ್ಟ ಸರಿಯಿತ್ತು. ಸ್ಟಾರ್ಟ್ ಮಾಡಿ, ಫ್ಯಾನ್, ಬೆಲ್ಟ್‌ಗಳಿಂದ ದೂರ ಇರುವ ಹಾಗೆ ರೇಡಿಯೇಟರ್‌ನ ಮೇಲಿನ ಪೈಪ್ ಮೇಲೆ ಕೈ ಇಟ್ಟೆ. ಥರ್ಮೋಸ್ಟಾಟ್ ಅಂದರೆ ಎಂಜಿನ್ ಕಾಯುವವರೆಗೆ ಕೂಲಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ವಾಲ್ವ್. ಅದು ಚೆನ್ನಾಗಿದ್ದರೆ ಆ ಪೈಪ್ ಹಲವು ನಿಮಿಷ ತಣ್ಣಗೇ ಇರಬೇಕು. ಒಳಗಿನ ಮೇಣ ಕರಗಿ ಉಬ್ಬಿ ವಾಲ್ವ್ ತೆರೆದಾಗ ಒಮ್ಮೆಲೇ ಬಿಸಿಯಾಗಬೇಕು. ನನ್ನದು ಎರಡನೇ ನಿಮಿಷಕ್ಕೇ ಬೆಚ್ಚಗಾಗಿ, ನಿಧಾನವಾಗಿ ಏರುತ್ತಾ ಹೋಯಿತು. ವಾಲ್ವ್ ತೆರೆದೇ ಸಿಕ್ಕಿಕೊಂಡಿದೆ ಅಂತ ಆಗಲೇ ಅನ್ನಿಸಿತು. ಮುಚ್ಚಿಯೇ ಸಿಕ್ಕಿಕೊಂಡಿದ್ದರೆ ಮುಳ್ಳು ಕೆಂಪಿನತ್ತ ಹೋದರೂ ಪೈಪ್ ತಣ್ಣಗಿರುತ್ತದೆ. ಅದು ಅಪಾಯ, ತಕ್ಷಣ ಎಂಜಿನ್ ಆಫ್ ಮಾಡಬೇಕು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬಾರದು. ಕೆಲವು ಕಾರುಗಳಲ್ಲಿ ಥರ್ಮೋಸ್ಟಾಟ್ ಕೆಳಗಿನ ಪೈಪ್ ಕಡೆ ಇರುತ್ತದೆ. ಅಲ್ಲಿ ಕೆಳಗಿನದನ್ನೇ ಮುಟ್ಟಿ ನೋಡಬೇಕು.

ಖಚಿತ ಮಾಡಿಕೊಳ್ಳಲು ಎಂಜಿನ್ ಆರಿದ ಮೇಲೆ ಕೂಲಂಟ್ ಇಳಿಸಿ ಥರ್ಮೋಸ್ಟಾಟ್ ಬಿಚ್ಚಿದೆ. ಕೂಲಂಟ್ ವಿಷ, ರುಚಿ ಸಿಹಿ. ಮಕ್ಕಳು, ನಾಯಿಗಳ ಕೈಗೆ ಬಾಯಿಗೆ ಸಿಗದಂತೆ ಮುಚ್ಚಿಟ್ಟೆ. ಥರ್ಮೋಸ್ಟಾಟನ್ನು ಬೆಳಕಿಗೆ ಹಿಡಿದೆ. ತಣ್ಣಗಿದ್ದರೂ ವಾಲ್ವ್ ತಟ್ಟೆ ಕೂತಿರಲಿಲ್ಲ. ಒಂದು ಬದಿಯಲ್ಲಿ ಉಗುರು ತೂರುವಷ್ಟು ಸಂದು, ಅದರಾಚೆ ಬೆಳಕು. ಇಷ್ಟೇ ಸಂದಿನಿಂದ ಅಷ್ಟೆಲ್ಲಾ ತೊಂದರೆ!

ಅಡುಗೆಗೆ ಬಳಸದ ಹಳೆ ಪಾತ್ರೆಯಲ್ಲಿ ನೀರು ಕಾಯಿಸಿ, ಹಳೆಯದು ಹೊಸದು ಎರಡನ್ನೂ ದಾರದಲ್ಲಿ ಇಳಿಬಿಟ್ಟೆ. ತಳಕ್ಕೆ ತಾಗಿದರೆ ಲೆಕ್ಕ ತಪ್ಪುತ್ತದೆ. ಹೊಸದರ ಮೇಲೆ 82 ಅಂತ ಅಚ್ಚಿತ್ತು, ಅಂದರೆ ತೆರೆಯಲು ಶುರುವಾಗುವ ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಅದರ ಹತ್ತಿರ ಬರುತ್ತಿದ್ದಂತೆ ತಟ್ಟೆ ಮೆಲ್ಲಗೆ ಸರಿಯಿತು, ನೀರು ಕುದಿ ಬರುವ ಹೊತ್ತಿಗೆ ಪೂರ್ತಿ ತೆರೆಯಿತು. ಆರಿದಾಗ ಬಿಗಿಯಾಗಿ ಮುಚ್ಚಿಕೊಂಡಿತು. ಹಳೆಯದು ಅದೇ ಸಂದಿಗೆ ಬಂದು ನಿಂತಿತು.

ಹೊಸ ರಬ್ಬರ್ ರಿಂಗ್ ಹಾಕಿ, ಗಾಳಿ ಹೋಗುವ ಸಣ್ಣ ಪಿನ್ ಮೇಲಕ್ಕಿರುವಂತೆ ಕೂರಿಸಿದೆ. ಕೂಲಂಟ್ ತುಂಬಿ ಗಾಳಿ ತೆಗೆದೆ. ಮರುದಿನ ಬೆಳಿಗ್ಗೆ ಮತ್ತೆ ಪೈಪ್ ಮೇಲೆ ಕೈ ಇಟ್ಟು ಕಾದೆ. ತಣ್ಣಗೆ, ತಣ್ಣಗೆ, ಆಮೇಲೆ ಒಮ್ಮೆಲೇ ಸುರ್ರಂತ ಬಿಸಿ. ಖುಷಿಯಿಂದಲೇ ಕೈ ತೆಗೆದೆ.